ಪ್ಲಾಟಿನಂ ಉಂಗುರಗಳನ್ನು ಒಂದಕ್ಕೊಂದು ಸಿಕ್ಕಿಸುವುದು ಹೇಗೆ?

ಅಕ್ಕಸಾಲಿಗರು ಸರ ಮಾಡುವುದನ್ನು ನೋಡಿದ್ದೀರಲ್ವಾ? ಒಂದು ಕೊಂಡಿಯ ಬಾಯಿ ಬಿಡಿಸಿ, ಇನ್ನೊಂದನ್ನು ಅದರೊಳಗೆ ತೂರಿಸಿ, ಬಾಯಿ ಮುಚ್ಚಿ ಬೆಸುಗೆ ಹಾಕುತ್ತಾರೆ. ಅಣುಗಳಲ್ಲೂ ಇಂಥ ಸರಪಳಿ ಇದೆ, ಹೆಸರು ಕೆಟೆನೇನ್. ಎರಡು ಉಂಗುರಗಳ ನಡುವೆ ರಾಸಾಯನಿಕ ಬಂಧ ಇರುವುದಿಲ್ಲ, ಆದರೂ ಒಂದನ್ನು ಮುರಿಯದೆ ಬಿಡಿಸಲು ಆಗುವುದಿಲ್ಲ. 1983ರಲ್ಲಿ ಫ್ರಾನ್ಸಿನ ಜಾನ್-ಪಿಯರ್ ಸೊವಾಜ್ ತಾಮ್ರದ ಅಯಾನಿನ ಸುತ್ತ ಇದನ್ನು ಕಟ್ಟಿದರು, 2016ರ ನೊಬೆಲ್‌ನಲ್ಲಿ ಪಾಲು ಪಡೆದರು. ನನಗೆ ಜಾಸ್ತಿ ಇಷ್ಟ ಜಪಾನಿನ ಮಕೊಟೊ ಫುಜಿತಾ ತಂಡದ ದಾರಿ.

ಮೊದಲು ಉಂಗುರ ಬೇಕು. ಪಲ್ಲೇಡಿಯಂ, ಪ್ಲಾಟಿನಂ ಎರಡೂ ಲೋಹಕ್ಕೆ ನಾಲ್ಕು ಕೈ, ಅಂದರೆ ಬಂಧ ಬೆಸೆಯುವ ಜಾಗ, ಒಂದೇ ಸಮತಲದಲ್ಲಿ. ಎರಡು ಕೈಯನ್ನು ಎಥಿಲೀನ್‌ಡೈಅಮೀನ್ ಎಂಬ ಪುಟ್ಟ ಅಣುವಿನಿಂದ ಕಟ್ಟಿಹಾಕಿ. ಉಳಿದ ಎರಡು ಸುಮಾರು 90 ಡಿಗ್ರಿಯಲ್ಲಿ ಚಾಚಿರುತ್ತವೆ. ಎರಡೂ ತುದಿಯಲ್ಲಿ ಪಿರಿಡೀನ್ ಎಂಬ ಸಾರಜನಕದ ಗುಂಪು ಇರುವ ಉದ್ದನೆಯ ಅಣುವನ್ನು ಬೆರೆಸಿದರೆ ಅದರ ಸಾರಜನಕ ಆ ಕೈ ಹಿಡಿಯುತ್ತದೆ. ಎರಡು ಲೋಹ, ಎರಡು ಉದ್ದನೆಯ ಅಣು, ಉಂಗುರ ರೆಡಿ.

ಪಲ್ಲೇಡಿಯಂ ಆದರೆ ಮುಂದಿನ ಕೆಲಸ ಸುಲಭ. ಅದರ ಬಂಧ ತಾನಾಗಿಯೇ ಬಿಚ್ಚುತ್ತಾ, ಮತ್ತೆ ಸೇರುತ್ತಾ ಇರುತ್ತದೆ. ಉಂಗುರದ ಖಾಲಿ ಹೊಟ್ಟೆಗೆ ನೀರು ಒಗ್ಗುವುದಿಲ್ಲ, ಇನ್ನೊಂದು ಉಂಗುರ ಅಲ್ಲಿ ತುಂಬಿಕೊಂಡರೆ ಎರಡಕ್ಕೂ ಹಿತ. ಹಾಗಾಗಿ ದ್ರಾವಣ ಗಟ್ಟಿಯಾದಂತೆ ಕೊಂಡಿ ಬೀಳುತ್ತದೆ. ನೀರು ಸೇರಿಸಿ ತೆಳು ಮಾಡಿದರೆ? ಸುಮ್ನೆ ಬಿಟ್ಟುಕೊಳ್ಳುತ್ತದೆ! 1994ರಲ್ಲಿ ಇದನ್ನು ಪ್ರಕಟಿಸಿದಾಗ ಉಳಿದಿದ್ದ ಕೊರತೆ ಇದೇ, ಬೆಸುಗೆ ಇಲ್ಲದ ಸರ.

ಇಲ್ಲಿ ಪ್ಲಾಟಿನಂ ಬರಬೇಕು. ಆವರ್ತಕ ಕೋಷ್ಟಕದಲ್ಲಿ ಪಲ್ಲೇಡಿಯಂನ ಕೆಳಗಿನ ಮನೆಯಲ್ಲೇ ಕೂತಿರುವ ಈ ಭಾರದ ಲೋಹ ಮಹಾ ಸೋಮಾರಿ, ಹಿಡಿದ ಕೈ ಬಿಡುವುದೇ ಇಲ್ಲ. ಉಂಗುರ ಬಾಯಿ ತೆರೆಯದೆ ಇನ್ನೊಂದು ಒಳಗೆ ಹೋಗುವುದು ಹೇಗೆ? ತಂಡ ಮಾಡಿದ್ದು ಇಷ್ಟು: ದ್ರಾವಣಕ್ಕೆ ಸೋಡಿಯಂ ನೈಟ್ರೇಟ್ ಉಪ್ಪನ್ನು ಧಾರಾಳವಾಗಿ ಸುರಿದು, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಸಿ ಮಾಡಿದರು. ಆ ಬಿಸಿ, ಆ ಉಪ್ಪಿನಲ್ಲಿ ಬಂಧ ಸಡಿಲವಾಯಿತು, ಉಂಗುರಗಳು ಸಿಕ್ಕಿಕೊಂಡವು. ಆಮೇಲೆ ತಣಿಸಿ ಉಪ್ಪು ತೆಗೆದರು, ಬಾಯಿ ಮುಚ್ಚಿತು. ಈಗ ಎಷ್ಟೇ ನೀರು ಸುರಿಯಿರಿ, ಬಿಡುವುದಿಲ್ಲ. 1995ರ ಆ ಲೇಖನದಲ್ಲಿ ಇದನ್ನು ಅಣುವಿನ ಬೀಗ ಅಂತಲೇ ಕರೆದರು.

ಮನೆಯಲ್ಲಿ ಮಾಡಲು ಹೋಗಬೇಡಿ, ಪ್ಲಾಟಿನಂ ಲವಣ ಮೈಗೆ ಅಲರ್ಜಿ ತರುತ್ತದೆ, ಜೇಬಿಗೆ ಅದಕ್ಕಿಂತ ಜಾಸ್ತಿ.