ಆನೆ ಇಟ್ಟುಕೊಂಡು ಓಟದ ಆಟ

"ಆನೆ ಕಟ್ಕೊಂಡು ಕುದುರೆ ರೇಸಿಗೆ ಹೋಗ್ತೀಯಲ್ಲೋ" ಎಂದು ನಕ್ಕವರೇ ಜಾಸ್ತಿ. ಮೈಸೂರಿನ ನಮ್ಮ ಹುಡುಗರ ಬಾಸ್ಕೆಟ್‌ಬಾಲ್ ಟೀಮಿನಲ್ಲಿ ರಿಂಗಿನ ಹತ್ತಿರ ಆಡುವ 6 ಅಡಿ 7 ಇಂಚಿನ ಸೆಂಟರ್ ಒಬ್ಬ, ಉಳಿದವರೆಲ್ಲ ಕುಳ್ಳ ಓಟಗಾರರು. ಈ ಸೀಸನ್ನಿನಲ್ಲಿ 11 ಮ್ಯಾಚ್ ಆಡಿ 9 ಗೆದ್ದೆವು. ಈಗ ಅದೇ ಜನ ಫೋನ್ ಮಾಡಿ ಹೇಗೆ ಅಂತ ಕೇಳುತ್ತಾರೆ.

ಮೊದಲ ವರ್ಷ ಐದೂ ಜನರನ್ನು ಒಂದೇ ಸಮ ಓಡಿಸಿದೆ. ಆರನೇ ನಿಮಿಷಕ್ಕೆ ದೊಡ್ಡವನು ಮೊಣಕಾಲು ಹಿಡಿದು ನಿಂತ. ಮರುವರ್ಷ ಅವನು ರಿಂಗಿನ ಹತ್ತಿರ ಬರುವವರೆಗೆ ಕಾದೆವು. ಇನ್ನೂ ಕೆಟ್ಟಿತು. ಬಾಲ್ ಮುಂದೆ ಒಯ್ಯುವ ಗಾರ್ಡುಗಳು ಸುಮ್ನೆ ಡ್ರಿಬಲ್ ಮಾಡುತ್ತಾ ನಿಂತರು, ಅವನ ಮೇಲೆ ಎದುರಾಳಿಗಳು ಮೂವರು ಬಿದ್ದರು. ಒಂದು ಮ್ಯಾಚಿನಲ್ಲಂತೂ 20ರ ಮೇಲೆ ಟರ್ನೋವರ್, ಅಂದರೆ ಅಷ್ಟು ಸಲ ಬಾಲ್ ಎದುರಾಳಿಗೆ ಬಿಟ್ಟುಕೊಟ್ಟೆವು.

ಖರ್ಚು ಬೇರೆ. 14 ಸೈಜಿನ ಶೂ ಊರಲ್ಲಿ ಸಿಗಲ್ಲ. ಅಮೆರಿಕದಿಂದ ಬರುವವರ ಸೂಟ್‌ಕೇಸಿನಲ್ಲಿ ತರಿಸಿದೆ, ಹತ್ತಿರ ಹತ್ತಿರ 10 ಸಾವಿರ. ಸಿಮೆಂಟ್ ಕೋರ್ಟು ನಾಲ್ಕೇ ತಿಂಗಳಲ್ಲಿ ಅದರ ಅಟ್ಟೆ ತಿಂದು ಹಾಕಿತು.

ದಾರಿ ಸಿಕ್ಕಿದ್ದು ಅಮೆರಿಕದ ಲೇಕರ್ಸ್ ಟೀಮಿನ ಹಳೇ ಮ್ಯಾಚುಗಳಲ್ಲಿ. ಗಾರ್ಡ್ ಮ್ಯಾಜಿಕ್ ಜಾನ್ಸನ್ ಬಾಲ್ ಹಿಡಿದು ಹಾರುತ್ತಿದ್ದ, ಸೆಂಟರ್ ಕರೀಮ್ ಅಬ್ದುಲ್-ಜಬ್ಬಾರ್ ಹಿಂದಿನಿಂದ ಬರುತ್ತಿದ್ದ. ರಿಂಗಿನ ಹತ್ತಿರ ಓಡಿ ಹೋಗಿ ಹಾಕುವ ಲೇಅಪ್ ಸಿಕ್ಕರೆ ಸರಿ, ಇಲ್ಲದಿದ್ದರೆ ಬಾಲ್ ಕರೀಮ್ ಕೈಗೆ, ತಲೆಯ ಮೇಲಿಂದ ಒಂದೇ ಕೈಯಲ್ಲಿ ಹಾಕುವ ಸ್ಕೈಹುಕ್. 1987ರಲ್ಲಿ ಅವರು ಚಾಂಪಿಯನ್ ಆದಾಗ ಕರೀಮ್‌ಗೆ 40 ವರ್ಷ! ನಮ್ಮವನಿಗೆ 19.

ಅಂದರೆ ದೊಡ್ಡವನು ಮೊದಲು ಓಡಬೇಕಾಗಿಲ್ಲ, ಓಟ ಶುರು ಮಾಡಿಸಿದರೆ ಸಾಕು. ರಿಂಗಿಗೆ ಬಡಿದು ಬರುವ ಬಾಲ್, ಅಂದರೆ ರೀಬೌಂಡ್ ಹಿಡಿದ ಮೇಲೆ ಅದನ್ನು ಗದ್ದದ ಕೆಳಗೆ ಇಳಿಸಬಾರದು. ಗಾಳಿಯಲ್ಲೇ ಸೈಡ್‌ಲೈನ್ ಕಡೆ ತಿರುಗಿ, ಕಾಲು ಊರುತ್ತಿದ್ದ ಹಾಗೇ ಗಾರ್ಡಿಗೆ ಓಟ ಶುರು ಮಾಡಿಸುವ ಔಟ್‌ಲೆಟ್ ಪಾಸ್. ಇದೊಂದಕ್ಕೇ ಎರಡು ತಿಂಗಳು ಹಿಡಿಯಿತು. ಮೊದಮೊದಲು ಅವನ ಪಾಸು ಗೇಟಿನ ಹೊರಗೆ ನಿಲ್ಲಿಸಿದ್ದ ಸ್ಕೂಟರುಗಳಿಗೆ ಹೋಗಿ ಬಡಿಯುತ್ತಿತ್ತು. ಪಾಸ್ ಕೊಟ್ಟ ಮೇಲೆ ರಿಂಗಿನಿಂದ ರಿಂಗಿಗೆ ನೇರ ಗೆರೆಯಲ್ಲಿ ಬರಬೇಕು, ವಿಂಗ್ ಕಡೆ, ಅಂದರೆ ಕೋರ್ಟಿನ ಬದಿಗೆ, ಸುತ್ತಬಾರದು. ಅಷ್ಟರಲ್ಲಿ ಎದುರಾಳಿಗಳ ಕಣ್ಣೆಲ್ಲ ಬಾಲಿನ ಮೇಲೆ ಇರುತ್ತದೆ. ಇವನು ಬಂದು ತನ್ನನ್ನು ಕಾಯುವ ಆಳನ್ನು ಬೆನ್ನಿನಿಂದ ಒತ್ತಿ ನಿಂತನೆಂದರೆ ಅರ್ಧ ಕೆಲಸ ಮುಗಿದಂತೆ.

ಗಾರ್ಡುಗಳಿಗೂ ಒಂದು ಕಟ್ಟು ಹಾಕಿದೆ. ಶಾಟ್ ಹೊಡೆಯಲು ಸಿಗುವ 24 ಸೆಕೆಂಡಿನಲ್ಲಿ ಮೊದಲ ಏಳು ನಿಮ್ಮದು, ಲೇಅಪ್ ಅಥವಾ ಕಾರ್ನರಿನಲ್ಲಿ ತಡೆಯುವವರಿಲ್ಲದ ಜಾಗ ಸಿಕ್ಕರೆ ಹಾಕಿ. ಆಮೇಲೆ ದೊಡ್ಡವನು ಬಾಲ್ ಮುಟ್ಟದೆ ಯಾರೂ ಶಾಟ್ ಹೊಡೆಯುವ ಹಾಗಿಲ್ಲ. ಪ್ರಾಕ್ಟೀಸಿನಲ್ಲಿ ಶಾಟ್ ಕ್ಲಾಕ್ ಎಲ್ಲಿಂದ ತರಲಿ? ನನ್ನ ಮಗಳು ಮೊಬೈಲ್ ಹಿಡಿದು "ಏಳು!" ಅಂತ ಕಿರುಚುತ್ತಿದ್ದಳು.

ನಡುವೆ ಅವನನ್ನು ಹೈ ಪೋಸ್ಟಿನಲ್ಲಿ, ಅಂದರೆ ಫ್ರೀ ಥ್ರೋ ಗೆರೆಯ ಹತ್ತಿರ, ನಿಲ್ಲಿಸಿ ಪಾಸ್ ಕೊಡಿಸಿಯೂ ನೋಡಿದೆ. ನೋಡೋಕೆ ಚೆನ್ನಾಗಿತ್ತು, ಆದರೆ ರೀಬೌಂಡಿಗೆ ಆಳಿಲ್ಲದೆ ಮೂರೇ ಮ್ಯಾಚಿಗೆ ಬಿಟ್ಟೆ. ಅವನನ್ನು ಮೂರೂವರೆ ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಆಡಿಸುವುದಿಲ್ಲ. ಅವನು ಬೆಂಚಿನಲ್ಲಿರುವಾಗ ಐವರೂ ಸಿಕ್ಕಾಪಟ್ಟೆ ಓಡುತ್ತಾರೆ.

ಎದುರಾಳಿ ಫ್ರೀ ಥ್ರೋ ಹಾಕುವಾಗ ಅವನನ್ನು ಎಲ್ಲಿ ನಿಲ್ಲಿಸುತ್ತೇನೆ ಅನ್ನೋದನ್ನು ಮಾತ್ರ ಹೇಳಲ್ಲ. ಮುಂದಿನ ತಿಂಗಳು ಇನ್ನೊಂದು ಟೂರ್ನಮೆಂಟ್ ಇದೆ.