ತಾಳಮದ್ದಳೆಯ ನಾಡಿನಲ್ಲಿ ‘ಟ್ವೆಲ್ವ್ ಆಂಗ್ರಿ ಮೆನ್’

ರೆಜಿನಾಲ್ಡ್ ರೋಸ್ 1954ರಲ್ಲಿ ಅಮೆರಿಕದ ಟಿವಿಗೆಂದು ಬರೆದ, 1957ರಲ್ಲಿ ಸಿನಿಮಾ ಆದ ‘ಟ್ವೆಲ್ವ್ ಆಂಗ್ರಿ ಮೆನ್’ ಕಾಸರಗೋಡಿನ ಕಡೆ ಆಡಲು ಹೇಳಿ ಮಾಡಿಸಿದ ನಾಟಕ ಎಂದು ಮೊದಲ ಓದಿಗೇ ಅನ್ನಿಸುತ್ತದೆ. ಅಪ್ಪನನ್ನು ಕೊಂದ ಆರೋಪ ಹೊತ್ತ ಹುಡುಗ ಅಪರಾಧಿಯೋ ಅಲ್ಲವೋ ಎಂದು ಹನ್ನೆರಡು ಜನ ಜ್ಯೂರರ್‌ಗಳು, ಅಂದರೆ ತೀರ್ಪು ಹೇಳಲು ಕೋರ್ಟು ಕೂರಿಸಿದ ಸಾಮಾನ್ಯ ಜನ, ಒಂದೇ ಕೋಣೆಯಲ್ಲಿ ವಾದಿಸುವ ಕತೆ. ಮೊದಲಿಗೆ ಎಂಟನೆಯವನೊಬ್ಬ ಬಿಟ್ಟು ಎಲ್ಲರೂ ‘ಅಪರಾಧಿ’ ಅನ್ನುತ್ತಾರೆ, ಕೊನೆಗೆ ಒಪ್ಪುವವ ಮೂರನೆಯವ. ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಎಲ್ಲಿ ಹೋದರೂ ಕೂತು ವಾದ ಮಾಡುವವರಿಗೆ ಕೊರತೆ ಇಲ್ಲ, ಅದನ್ನು ರಾತ್ರಿಯಿಡೀ ಕೇಳುವವರಿಗೂ ಇಲ್ಲ. ತೊಂದರೆ ಹುಟ್ಟುವುದೂ ಅಲ್ಲಿಂದಲೇ. ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ ತಾಳಮದ್ದಳೆ. ಅದರಲ್ಲಿ ಎದುರಿನವನನ್ನು ಮಾತಿನಲ್ಲಿ ಕಟ್ಟಿಹಾಕಿದವನಿಗೆ ಚಪ್ಪಾಳೆ. ಇಲ್ಲಿ ಎಂಟನೇ ಜ್ಯೂರರ್ ಬಾಯಿ ತೆರೆಯುವುದೇ ‘ನನಗೆ ಗೊತ್ತಿಲ್ಲ’ ಎಂದು. ನಮ್ಮ ಕಡೆ ಈ ನಾಟಕ ಆಡಿಸುವಾಗ ಹೆಚ್ಚಿನ ಶ್ರಮ ಹೋಗುವುದು ನಟರೊಳಗಿನ ಅರ್ಥಧಾರಿಯನ್ನು, ಅಂದರೆ ತಾಳಮದ್ದಳೆಯ ಮಾತುಗಾರನನ್ನು, ಸುಮ್ಮನೆ ಕೂರಿಸಲಿಕ್ಕೆ.

ಮೊದಲು ಅನುಮತಿ. ರೋಸ್ ತೀರಿಕೊಂಡದ್ದು 2002ರಲ್ಲಿ. ನಮ್ಮ ಕಾನೂನಿನ ಪ್ರಕಾರ ಲೇಖಕ ಸತ್ತು 60 ವರ್ಷದವರೆಗೆ ಹಕ್ಕು ಉಳಿಯುತ್ತದೆ, ಅಂದರೆ 2062ರ ಕೊನೆಯವರೆಗೆ. ಅನುವಾದಕ್ಕೂ ಪ್ರದರ್ಶನಕ್ಕೂ ಬೇರೆ ಬೇರೆಯಾಗಿ ಕೇಳಬೇಕು. ‘ಟಿಕೆಟ್ ಇಲ್ಲದ ಪ್ರದರ್ಶನ, ಯಾರು ಕೇಳ್ತಾರೆ’ ಎಂದು ಬಿಡುವುದು ಬೇಡ. ಹೆಂಗಸರೂ ಸೇರಿ ಆಡಬಹುದಾದ ‘ಟ್ವೆಲ್ವ್ ಆಂಗ್ರಿ ಜ್ಯೂರರ್ಸ್’ ಎಂಬ ರೂಪವೂ ಉಂಟು. ತಂಡದಲ್ಲಿ ಹನ್ನೆರಡು ಗಂಡಸರು ಸಿಗದಿದ್ದರೆ ಅದನ್ನೇ ಕೇಳಬಹುದು.

ಕತೆಯನ್ನು ಕಾಸರಗೋಡಿಗೆ ತರಬಾರದು. ಇಲ್ಲಿಯ ಕೋರ್ಟಿನಲ್ಲಿ ಜ್ಯೂರಿ ಇಲ್ಲ, ಆದ್ದರಿಂದ ಕತೆ ನಿಲ್ಲುವುದಿಲ್ಲ. ನ್ಯೂಯಾರ್ಕ್ ಆಗಿಯೇ ಇರಲಿ. ಪಾತ್ರಗಳಿಗೆ ಹೆಸರಿಲ್ಲದೆ ಬರೀ ನಂಬರ್ ಇರುವುದರಿಂದ ಹತ್ತು ನಿಮಿಷದೊಳಗೆ ಊರು ಯಾವುದೆಂದು ಯಾರಿಗೂ ನೆನಪಿರುವುದಿಲ್ಲ. ಕೋಟು ಟೈ ಕಟ್ಟಿಸಿ ದೊರೆಗಳ ವೇಷ ಹಾಕಿಸಬೇಡಿ, ಪ್ಯಾಂಟು ಶರ್ಟು ಸಾಕು. ಆದರೆ ಜ್ಯೂರಿ ಅಂದರೆ ಏನು ಎಂದು ಹೇಳಲೇಬೇಕು. ಕರಪತ್ರದಲ್ಲಿ ನಾಲ್ಕು ಸಾಲು ಹಾಕಬಹುದು: 1959ರಲ್ಲಿ ನಾನಾವತಿ ಮೊಕದ್ದಮೆಯಲ್ಲಿ ಮುಂಬೈಯ ಜ್ಯೂರಿ 8–1ರಂತೆ ‘ಅಪರಾಧಿಯಲ್ಲ’ ಅಂದಿತು, ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಕರಪತ್ರ ಓದದವರಿಗೆ ನಾಟಕದ ಆರಂಭದಲ್ಲೇ ಬರುವ ನ್ಯಾಯಾಧೀಶರ ಧ್ವನಿ ಇದೆ. ಅದನ್ನು ಒಂದು ನಿಮಿಷಕ್ಕೆ ಇಳಿಸಿ, ಎರಡು ಸಂಗತಿ ಮಾತ್ರ ನಿಧಾನಕ್ಕೆ ಹೇಳಿಸಿ: ಹನ್ನೆರಡೂ ಜನ ಒಂದೇ ಮಾತಿಗೆ ಬರಬೇಕು, ಅಪರಾಧಿ ಎಂದರೆ ಹುಡುಗನಿಗೆ ಮರಣದಂಡನೆ ತಪ್ಪಿದ್ದಲ್ಲ.

ಇನ್ನು ಮೇಜು. ನಾಟಕದ ಅರ್ಧ ಯಶಸ್ಸು ಅದರಲ್ಲೇ ಇದೆ. ನಮ್ಮ ಶಾಲೆ, ಸಭಾಭವನಗಳ ವೇದಿಕೆ ಸಾಧಾರಣ 24 ಅಡಿ ಅಗಲ, 16 ಅಡಿ ಆಳ. 12 ಅಡಿಗೆ 4 ಅಡಿಯ ಮೇಜನ್ನು ನೇರ ಇಟ್ಟು ಸುತ್ತ ಸಮವಾಗಿ ಕೂರಿಸಿದರೆ ಐದು ಬೆನ್ನು ಪ್ರೇಕ್ಷಕರ ಕಡೆಗೆ ಬರುತ್ತದೆ. ಒಬ್ಬರಿಗೆ 2 ಅಡಿ ಅಂಚು ಲೆಕ್ಕ ಹಿಡಿದು ಹಿಂದಿನ ಉದ್ದಕ್ಕೆ ಆರು ಜನ, ಎರಡೂ ತುದಿಗೆ ಇಬ್ಬಿಬ್ಬರು, ಮುಂದಿನ ಅಂಚಿನ ಎರಡು ಮೂಲೆಗೆ ಒಬ್ಬೊಬ್ಬರು, ಹೀಗೆ ಹಂಚಿದರೆ ನಡುವೆ ಎಂಟಡಿ ಬಯಲಾಗುತ್ತದೆ. ಎಡತುದಿಯಲ್ಲಿ 1 ಮತ್ತು 2, ಹಿಂದೆ 3ರಿಂದ 8, ಬಲತುದಿಯಲ್ಲಿ 9, 10, ಮುಂದೆ 11, 12. ನಂಬರ್ ಸರದಿಯೂ ತಪ್ಪುವುದಿಲ್ಲ, ಕೊನೆಯವರೆಗೆ ಎದುರುಬದುರಾಗುವ 3 ಮತ್ತು 8 ಹಿಂದಿನ ಸಾಲಿನ ಎರಡು ಕೊನೆಗೆ, ಮುಖ ಪ್ರೇಕ್ಷಕರಿಗೆ ಕಾಣುವಂತೆ ಬರುತ್ತಾರೆ. ಮುಂದಿನ ಇಬ್ಬರಿಗೆ ಬೆನ್ನಿಲ್ಲದ ಸ್ಟೂಲು ಕೊಡಿ, ಎತ್ತರ ಉಳಿದ ಕುರ್ಚಿಗಿಂತ ಮೂರು ಇಂಚು ಕಡಿಮೆ. ಹನ್ನೊಂದನೆಯವನ ಮುಖ್ಯ ಮಾತುಗಳನ್ನೆಲ್ಲ ಎದ್ದು ನಿಂತೇ ಹೇಳಿಸಬೇಕು. ಕುರ್ಚಿ ಹಿಂದೆ ಓಡಾಡಲು 3 ಅಡಿ ಬಿಟ್ಟರೂ ವೇದಿಕೆಯ ಮುಂಭಾಗದಲ್ಲಿ ನಡೆಯುವಷ್ಟು ಜಾಗ ಉಳಿಯುತ್ತದೆ.

ಮೇಜನ್ನು 4 ಅಡಿ ಚೌಕದ ಮೂರು ಪ್ಲೈವುಡ್ ತುಂಡಾಗಿ ಮಾಡಿಸಿ, ಕೆಳಗಿಂದ ಬೋಲ್ಟು, ಚಿಟ್ಟೆ ನಟ್ಟು ಹಾಕಿದರೆ ಪಿಕಪ್ಪಿನಲ್ಲಿ ಸಲೀಸಾಗಿ ಹೋಗುತ್ತದೆ. ಅಡಿಭಾಗಕ್ಕೆ ಗೋಣಿ ಅಂಟಿಸಿ. ಇಲ್ಲದಿದ್ದರೆ ಮೂರನೆಯವ ಗುದ್ದಿದಾಗೆಲ್ಲ ಚೆಂಡೆ ಬಡಿದಂತಾಗಿ ಮುಂದಿನ ಮಾತು ಮುಳುಗುತ್ತದೆ.

ಚಾಕುವಿನ ದೃಶ್ಯಕ್ಕೆ ಬೇರೆ ಜಾಗ್ರತೆ. ಎಂಟನೆಯವ ಕಿಸೆಯಿಂದ, ಕೊಲೆಯ ಚಾಕಿನಂಥದೇ ಎರಡನೇ ಚಾಕು ತೆಗೆದು ಮೇಜಿಗೆ ಚುಚ್ಚಬೇಕು. ಪ್ಲೈವುಡ್ಡಿಗೆ ಚುಚ್ಚಿದರೆ ಮೊನೆ ಒಳಗೆ ಇಳಿಯದೆ ಕೈ ಜಾರಿ ಅಲಗಿನ ಮೇಲೆ ಬೀಳುತ್ತದೆ. ಲಾಕ್ ಇಲ್ಲದ ಮಡಚು ಚಾಕಾದರೆ ಬೆರಳಿನ ಮೇಲೇ ಮಡಚಿಕೊಳ್ಳುತ್ತದೆ. ಅವನ ಕೈ ಎಟಕುವಲ್ಲಿ ಪ್ಲೈವುಡ್ ಕೊರೆದು, ಎಂಟು ಇಂಚು ಚೌಕದ, ಒಂದೂವರೆ ಇಂಚು ದಪ್ಪದ ಹಾಲೆಮರದ ತುಂಡು ಕೂರಿಸಿ, ಮೇಲಿಂದ ಅದೇ ಬಣ್ಣ ಬಳಿಯಿರಿ. ಮೆದು ಮರ, ಸಣ್ಣ ಪೆಟ್ಟಿಗೇ ಮೊನೆ ನಿಲ್ಲುತ್ತದೆ. ಎರಡೂ ಚಾಕಿನ ಅಲಗನ್ನು ಅರದಲ್ಲಿ ಪೂರ್ತಿ ಮೊಂಡು ಮಾಡಿ, ಮೊನೆ ಅರ್ಧ ಇಂಚು ಬಿಡಿ. ಸಾಕ್ಷಿಯಾಗಿ ಬರುವ ಚಾಕನ್ನು ತೆರೆದೇ ರಿವೆಟ್ ಹೊಡೆಸಬಹುದು. ಮುಂದೆ ಮೂರನೆಯವ ಕುಗ್ಗಿ ನಿಂತು, ಗಿಡ್ಡ ಹುಡುಗ ಎತ್ತರದ ಅಪ್ಪನಿಗೆ ಹೇಗೆ ಇರಿದ ಎಂದು ತೋರಿಸುವಾಗ ಚಾಕು ಎಂಟನೆಯವನ ಎದೆಯಿಂದ ಒಂದು ಗೇಣು ದೂರದಲ್ಲಿ ನಿಲ್ಲಬೇಕು. ಸಿನಿಮಾದಲ್ಲಿ ಅಪ್ಪ ಮಗನ ನಡುವಿನ ಎತ್ತರದ ಅಂತರ 7 ಇಂಚು. ಅಷ್ಟು ಕುಗ್ಗಿದ್ದು ಹಿಂದಿನ ಬೆಂಚಿಗೆ ಕಾಣದಿದ್ದರೆ ಐದನೆಯವನ ‘ಚಾಕು ಹಿಡಿಯುವ ರೀತಿ ಇದಲ್ಲ’ ಎಂಬ ಮಾತು ಗಾಳಿಗೆ ಹೋಯಿತು.

ಕೊಲೆಯ ಸದ್ದು ಕೇಳಿ ಮುದುಕ ಸಾಕ್ಷಿ ಬಾಗಿಲಿಗೆ ಬಂದ ಹೊತ್ತನ್ನು ಎಂಟನೆಯವ ತಾನೇ ನಡೆದು ಅಳೆಯುವಲ್ಲಿ ಮೋಸ ನಡೆಯುವುದಿಲ್ಲ. ಅವನು ಹೇಳಿದ್ದು 15 ಸೆಕೆಂಡ್, ಸಿನಿಮಾದಲ್ಲಿ ನಡೆದು ನೋಡಿದಾಗ 41. ಪ್ರೇಕ್ಷಕರಲ್ಲಿ ಒಬ್ಬನಾದರೂ ಮೊಬೈಲಿನಲ್ಲಿ ಎಣಿಸುತ್ತಾನೆ. ಆದ್ದರಿಂದ ನಿಜವಾಗಿಯೇ ಅಷ್ಟು ಹೊತ್ತು ಕುಂಟುತ್ತ ನಡೆಯಬೇಕು. ಮಂಚದಿಂದ ಬಾಗಿಲಿಗೆ 12 ಅಡಿ, ಓಣಿ 43 ಅಡಿ, ಒಟ್ಟು 55. ವೇದಿಕೆ ಸಾಲದು, ಹಾಗಾಗಿ ಮುಂಭಾಗದಲ್ಲಿ 18 ಅಡಿಗೆ ಎರಡು ಟೇಪು ಅಂಟಿಸಿ ಮೂರು ಸಲ ಅತ್ತಿತ್ತ ನಡೆಸಿದರೆ ಲೆಕ್ಕ ಹೆಚ್ಚುಕಡಿಮೆ ಸರಿಯಾಗುತ್ತದೆ. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ಮೌನಕ್ಕೆ ಹೆದರಿ ಯಾರಾದರೂ ಒಂದು ‘ಹ್ಞೂಂ’ ಹಾಕಿದರೂ ಬಿಗಿ ಸಡಿಲುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಹತ್ತನೆಯವನ ವಿಷದ ಮಾತು. ಹುಡುಗ ಯಾವ ಜನ ಎಂದು ಮೂಲದಲ್ಲಿ ಹೇಳಿಲ್ಲ, ಬರೀ ‘ಅವರು’, ‘ಅಂಥವರು’. ಇಲ್ಲಿ ಯಾವುದಾದರೂ ಜಾತಿ, ಭಾಷೆ, ಮತದ ಹೆಸರು ತುರುಕುವ ಆಸೆ ಬರೆಯುವವರಿಗೆ ಬರುತ್ತದೆ. ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ ಒಂದೇ ಬಸ್ಸಿನಲ್ಲಿ ಕೂರುವ ಊರಿದು. ಹೆಸರಿಟ್ಟರೆ ಒಂದು ಗುಂಪು ಸಿಟ್ಟಾಗುತ್ತದೆ, ಇನ್ನೊಂದು ಗುಂಪು ನಕ್ಕು ಹಗುರಾಗುತ್ತದೆ. ಹೆಸರಿಲ್ಲದಿದ್ದರೆ ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ಕೇಳಿದ ಹೆಸರನ್ನು ತಾನೇ ತುಂಬಿಕೊಳ್ಳುತ್ತಾನೆ. ಹತ್ತನೆಯವನಿಗೆ ಬೇರೆಯದೇ ಆಡುಮಾತು ಕೊಡುವುದೂ ತಪ್ಪು. ‘ಎಂತ ಮಾರಾಯ್ರೆ, ನಿಮಗೆ ಗೊತ್ತುಂಟಲ್ಲ ಇವರ ಸಂಗತಿ’ ಎಂದು ಉಳಿದವರ ಕನ್ನಡದಲ್ಲೇ, ಚಹಾದಂಗಡಿಯಲ್ಲಿ ಹೇಳುವ ಹಾಗೆ ಶುರು ಮಾಡಲಿ. ವಲಸೆ ಬಂದ ಹನ್ನೊಂದನೆಯವನಿಗೆ ಮಾತ್ರ, ಶಾಲೆಯಲ್ಲಿ ಕನ್ನಡ ಕಲಿತ ಮಲಯಾಳಿಯ ಹಾಗೆ, ಉಳಿದವರಿಗಿಂತ ಶುದ್ಧವಾದ ಪುಸ್ತಕದ ಕನ್ನಡ ಹೊಂದುತ್ತದೆ.

ಮಾತಿನ ಚಟ ಇರುವ ನಟನಿಗೆ ಈ ಪಾತ್ರ ಕೊಟ್ಟರೆ ಪ್ರಾಸ ಸೇರಿಸಿ, ದನಿ ಏರಿಸಿ, ಕೊನೆಗೆ ಚಪ್ಪಾಳೆ ಗಿಟ್ಟಿಸಿಬಿಡುತ್ತಾನೆ. ದ್ವೇಷದ ಮಾತಿಗೆ ಚಪ್ಪಾಳೆ ಬಿದ್ದರೆ ಆ ದಿನದ ನಾಟಕ ಅಲ್ಲಿಗೇ ಮುಗಿಯಿತು. ವಾಕ್ಯಗಳನ್ನು ಅರ್ಧಕ್ಕೆ ತುಂಡರಿಸಿ ಬರೆಯಿರಿ, ಒಂದೇ ಮಾತು ಮತ್ತೆ ಮತ್ತೆ ಬರಲಿ, ಲಯ ಕೂಡಬಾರದು. ಅವನೊಬ್ಬನ ಮೇಲೆ ಬೆಳಕು ಬಿಡಬೇಡಿ. ಕಣ್ಣು ಉಳಿದವರ ಮೇಲಿರಲಿ. ಐದನೆಯವ ಮೊದಲು ಏಳುತ್ತಾನೆ, ಆಮೇಲೆ ಒಬ್ಬೊಬ್ಬರೇ ಎದ್ದು ಬೆನ್ನು ತಿರುಗಿಸುತ್ತಾರೆ. ಇದಕ್ಕೆಂದೇ ಎಲ್ಲ ಕುರ್ಚಿಯ ಕಾಲಿಗೂ ಸೈಕಲ್ ಟ್ಯೂಬಿನ ತುಂಡು ಹಾಕಿ, ಐದನೆಯವನ ಕುರ್ಚಿಗೆ ಮಾತ್ರ ಹಾಕದೆ ಬಿಡಿ. ಅದರ ಕರಕರ ಸದ್ದೊಂದೇ ಕೇಳಬೇಕು. ಇಬ್ಬರು ಏಳುವ ನಡುವಿನ ಅಂತರ ಒಂದೇ ಸಮ ಇದ್ದರೆ ಶಾಲೆಯ ಡ್ರಿಲ್ ಆಗುತ್ತದೆ. ಗಡಿಯಾರ ನೋಡಿ ಅಲ್ಲ, ಯಾವ ಮಾತು ಯಾರಿಗೆ ತಡೆಯಲಾಗಲಿಲ್ಲ ಎಂದು ಗುರುತು ಹಾಕಿ ಏಳಿಸಿ.

ಮತ ಬದಲಾಗುವ ಕ್ರಮ, ‘ಅಪರಾಧಿ’ ಎಂದವರ ಲೆಕ್ಕ ಮೊದಲು ಹಾಕಿ, ಎಲ್ಲರ ಪ್ರತಿಯಲ್ಲೂ ಬರೆದಿರಲಿ: 11–1, 10–2, 9–3, 8–4, 6–6, ಹೀಗೆ ಕೊನೆಯವರೆಗೆ. ಅದರ ಪಕ್ಕದಲ್ಲಿ ತನಗೆ ಸಂಶಯ ಹುಟ್ಟಿದ ಸಾಲಿಗೂ ಪ್ರತಿ ನಟ ಗೆರೆ ಎಳೆಯಬೇಕು. ಅದು ಕೈ ಎತ್ತುವ ಸಾಲಿಗಿಂತ ಎಷ್ಟೋ ಪುಟ ಹಿಂದಿರುತ್ತದೆ.

ಸೆಕೆ ತೋರಿಸಲು ಗ್ಲಿಸರಿನ್, ನೀರು ಸಮಪಾಲು ಬೆರೆಸಿ ಹಣೆಗೆ ಸಿಂಪಡಿಸಿ, ಶರ್ಟಿನ ಬೆನ್ನಿಗೆ ಒದ್ದೆ ಸ್ಪಂಜು ಒತ್ತಿ. ಮಾರ್ಚ್ ನಂತರ ಆಡಿದರೆ ಇದ್ಯಾವುದೂ ಬೇಡ. ಜೂನ್ ಬಂದರೆ ಶೀಟಿನ ಮಾಡಿನ ಮೇಲೆ ಬೀಳುವ ಮಳೆಯಲ್ಲಿ ಒಂದಕ್ಷರ ಕೇಳಿಸದು. ಡಿಸೆಂಬರಿನಿಂದ ಜಾತ್ರೆ, ಭೂತಕೋಲ, ಯಕ್ಷಗಾನದ ಆಟದ ಕಾಲ, ಹತ್ತಿರದ ಮೈಕಿನ ದಿಕ್ಕು ನೋಡದೆ ದಿನ ಗೊತ್ತು ಮಾಡಬೇಡಿ. ಹಳಿಯ ಬದಿಯ ಸಭಾಭವನವಾದರೆ ರೈಲಿನ ಸಮಯವನ್ನೂ ನೋಡಿ. (ರೈಲು ಹೋಗುವಾಗ ಮೇಲಿನ ಮನೆಯ ಕೂಗು ಮುದುಕನಿಗೆ ಕೇಳಿಸದು ಎಂಬ ನಾಟಕದ ವಾದವನ್ನು ಆ ಊರಿನವರಿಗೆ ವಿವರಿಸಬೇಕಾಗಿಲ್ಲ.) ಮೈಕು ಮೇಜಿನ ಮೇಲೆ ಬೇಡ, ವೇದಿಕೆಯ ಅಂಚಿನಲ್ಲಿ ಮೂರು ಸಾಕು. ಆಟದ ಮೇಳದಲ್ಲಿ ಪಳಗಿದವರು ತಾವಾಗಿಯೇ ಮೈಕಿನ ಹತ್ತಿರ ಸರಿಯುತ್ತಾರೆ, ಅಭ್ಯಾಸದಲ್ಲೇ ತಡೆಯಬೇಕು. ವೇದಿಕೆಯ ಮೇಲಿನ ಫ್ಯಾನ್ ತಿರುಗಿದರೆ ದೀಪದ ಬೆಳಕು ಮಿಣಮಿಣ ಕಡಿಯುತ್ತದೆ, ಅದರ ಸ್ವಿಚ್ಚಿಗೆ ಟೇಪು ಹಾಕಿಡಿ.

ನಡುವೆ ವಿರಾಮ ಕೊಟ್ಟರೆ ಕೋಣೆಯ ಬಾಗಿಲು ತೆರೆದಂತೆ, ಸೆಕೆಯೂ ಸಿಟ್ಟೂ ಹೊರಗೆ ಹೋಗುತ್ತದೆ. ಒಂದು ಮುಕ್ಕಾಲು ಗಂಟೆಯೊಳಗೆ ಒಂದೇ ಓಟದಲ್ಲಿ ಮುಗಿಸುವಂತೆ ಕತ್ತರಿಸಿ, ಆರಕ್ಕೆ ಎಂದರೆ ಆರಕ್ಕೇ ಶುರು ಮಾಡಿ. ತಡವಾದರೆ ಮೂರನೆಯವ ಒಪ್ಪುವ ಹೊತ್ತಿಗೆ ಪೆರ್ಲ, ಮುಳ್ಳೇರಿಯದ ಕೊನೆಯ ಬಸ್ಸಿನವರು ಚಪ್ಪಲಿ ಹುಡುಕುತ್ತಿರುತ್ತಾರೆ.