ಕೆಂಪು ಲಾಕ್‌ಟೈಟ್ ಹಾಕಿದ ಬೋಲ್ಟನ್ನು ನಾನು ಬಿಚ್ಚುವ ರೀತಿ

ಬೋಲ್ಟ್ ಅಲುಗಾಡುತ್ತಿಲ್ಲ ಅಂದರೆ ನಾನು ಮೊದಲು ಪತ್ತೆ ಮಾಡುವುದು ಒಂದೇ ವಿಷಯ. ಅದನ್ನು ಹಿಡಿದಿರುವುದು ತುಕ್ಕೋ, ಅಂಟೋ? ಎರಡಕ್ಕೂ ಮದ್ದು ಬೇರೆ ಬೇರೆ. ತುಕ್ಕಾದರೆ ಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಟ್ಟು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ದಾರಿಗೆ ಬರುತ್ತದೆ. ಥ್ರೆಡ್‌ಲಾಕರ್ ಅಂಟಿಗೆ, ಅಂದರೆ ಬೋಲ್ಟ್ ಅದುರಿ ಸಡಿಲವಾಗದಂತೆ ಹಚ್ಚುವ ಲಾಕ್‌ಟೈಟ್‌ನಂಥ ಅಂಟಿಗೆ, ಇದ್ಯಾವುದೂ ತಾಗುವುದಿಲ್ಲ. ಅದು ಥ್ರೆಡ್ಡುಗಳ, ಅಂದರೆ ಬೋಲ್ಟಿನ ಸುರುಳಿ ಗೀರುಗಳ, ಸಂದಿಯನ್ನೆಲ್ಲ ತುಂಬಿಕೊಂಡು, ಗಟ್ಟಿ ಪ್ಲಾಸ್ಟಿಕ್ ಆಗಿ ಕೂತಿರುತ್ತದೆ. ಎಣ್ಣೆ ಇಳಿಯಲು ಒಳಗೆ ಜಾಗವೇ ಇರುವುದಿಲ್ಲ. ಎಷ್ಟು ಸುರಿದರೂ ಸುಮ್ನೆ ದಂಡ. ಆಮೇಲೆ ಬಿಸಿ ಮಾಡುವಾಗ ಅದೇ ಎಣ್ಣೆ ಹೊಗೆಯಾಡುತ್ತದೆ, ಬೆಂಕಿ ಹತ್ತಿದರೂ ಹತ್ತಿತು.

ನಾನು ಬೈಕು, ಪಂಪು, ಸಣ್ಣ ಎಂಜಿನ್ನುಗಳ ಕೆಲಸ ಮಾಡುವವನು. ಈ ಅಂಟು ಎಲ್ಲೆಲ್ಲಿ ಇರುತ್ತದೆ ಅನ್ನುವುದು ಈಗ ಹೆಚ್ಚುಕಡಿಮೆ ಬಾಯಿಪಾಠ. ಬ್ರೇಕ್ ಡಿಸ್ಕಿನ ಬೋಲ್ಟು, ಮುಂದಿನ ಸ್ಪ್ರಾಕೆಟ್ಟು, ಫ್ಲೈವೀಲು, ಕ್ರ್ಯಾಂಕ್‌ಕೇಸಿನಲ್ಲಿ ಕೂತ ಸ್ಟಡ್ಡುಗಳು (ತಲೆಯಿಲ್ಲದ ಬೋಲ್ಟುಗಳು). ಅಂದರೆ ತಿರುಗುವ ಅಥವಾ ಅದುರುವ ಜಾಗ, ಬೋಲ್ಟ್ ಲೂಸ್ ಆದರೆ ಜೀವಕ್ಕೇ ಅಪಾಯ ಅನ್ನುವ ಜಾಗ. ಸರ್ವೀಸ್ ಮ್ಯಾನ್ಯುಯಲ್ ಸಿಕ್ಕರೆ ಅದರಲ್ಲೇ ಬರೆದಿರುತ್ತದೆ. ಇಲ್ಲದಿದ್ದರೆ ಬೋಲ್ಟಿನ ಹಿಂಬದಿ ನೋಡಿ. ಥ್ರೆಡ್ಡಿನ ತುದಿಯಲ್ಲಿ ಒಣಗಿದ ಬಣ್ಣದ ಪುಡಿಯೋ ಪದರವೋ ಇಣುಕುತ್ತಿರುತ್ತದೆ. ತುಕ್ಕಿನ ಕಂದು ಧೂಳಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ನೇರಳೆ ಎಂದರೆ ಸಣ್ಣ ಸ್ಕ್ರೂಗಳಿಗೆ, ಕಡಿಮೆ ಹಿಡಿತ. ನೀಲಿ ಎಂದರೆ ಮಧ್ಯಮ, ಮಾಮೂಲಿ ಸ್ಪ್ಯಾನರಿಗೆ ಬಿಚ್ಚಿಕೊಳ್ಳುತ್ತದೆ. ಕೆಂಪು ಎಂದರೆ ಗಟ್ಟಿ ಹಿಡಿತ. ಹಸಿರು ತುಂಬಾ ತೆಳು, ಬಿಗಿ ಮಾಡಿದ ಮೇಲೆ ಹಚ್ಚಿದರೂ ಸಂದಿಯೊಳಗೆ ಹರಿದುಹೋಗುತ್ತದೆ. ಇದು ಲಾಕ್‌ಟೈಟ್ ಕಂಪನಿಯ ಲೆಕ್ಕ. ಬೇರೆಯವರೂ ಸುಮಾರಾಗಿ ಇದನ್ನೇ ಅನುಸರಿಸುತ್ತಾರೆ, ಆದರೆ ಎಲ್ಲರೂ ಅಲ್ಲ. ಇನ್ನೊಂದು ವಿಷಯ, ಈ ಬಣ್ಣ ಒಳಗಿನ ದ್ರವದ್ದು, ಬಾಟಲಿಯದ್ದಲ್ಲ. ಕೆಂಪು ಬಾಟಲಿಯಲ್ಲಿ ನೀಲಿ ಅಂಟು ಬರುವುದು ಮಾಮೂಲು. ಹಿಂದೆ ಯಾರು ಯಾವುದನ್ನು ಹಾಕಿದ್ದಾರೋ ಗೊತ್ತಿಲ್ಲದಿದ್ದರೆ, ಕೆಂಪೇ ಇದೆ ಅಂದುಕೊಂಡು ಕೆಲಸ ಶುರು ಮಾಡುತ್ತೇನೆ.

ಈ ಅಂಟಿನ ಗುಣ ತಿಳಿದುಕೊಂಡರೆ ಬಿಚ್ಚುವ ದಾರಿ ತಾನಾಗಿ ಹೊಳೆಯುತ್ತದೆ. ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರದ ಪ್ರೊಫೆಸರ್ ವರ್ನನ್ ಕ್ರೀಬಲ್ 1953ರಲ್ಲಿ ಇದನ್ನು ರೂಪಿಸಿದರು. ಗಾಳಿ ತಾಗುತ್ತಿರುವ ತನಕ ಇದು ದ್ರವವಾಗಿಯೇ ಇರುತ್ತದೆ. ಬಾಟಲಿಯನ್ನು ಪೂರ್ತಿ ತುಂಬದೆ ಕೊಡುವುದು ಅದಕ್ಕೇ, ಒಳಗೆ ಗಾಳಿ ಇರಬೇಕು. ಬೋಲ್ಟಿಗೂ ನಟ್ಟಿಗೂ ನಡುವೆ ಸಿಕ್ಕಿಕೊಂಡಾಗ ಗಾಳಿ ತಪ್ಪುತ್ತದೆ, ಲೋಹ ತಾಗುತ್ತದೆ. ಆಗ ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದದ್ದು ಅಸಿಟೋನಿಗೂ ಸುಲಭಕ್ಕೆ ಕರಗುವುದಿಲ್ಲ, ಥ್ರೆಡ್ಡಿನ ಒಳಗಿರುವಾಗಂತೂ ಅಸಿಟೋನ್ ಅದರ ಹತ್ತಿರವೂ ಸುಳಿಯಲಾರದು. ಆದರೆ ಬಿಸಿಗೆ ಅದು ಸೋಲುತ್ತದೆ. ಮಾಮೂಲಿ ಕೆಂಪು ಅಂಟು ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸಕ್ಕೆ ತಡೆಯುತ್ತದೆ. ಬಿಚ್ಚಬೇಕಾದರೆ 250 ಡಿಗ್ರಿ ಆಸುಪಾಸಿಗೆ ಬಿಸಿ ಮಾಡಿ, ಬಿಸಿ ಇರುವಾಗಲೇ ತಿರುಗಿಸಿ ಎಂದು ತಯಾರಕರೇ ಹೇಳುತ್ತಾರೆ. ಬಿಸಿ ಜಾಸ್ತಿ ತಡೆಯುವ ಜಾತಿಯೂ ಇದೆ, ಅದು 230 ಡಿಗ್ರಿಯಲ್ಲೂ ಕೈ ಬಿಡುವುದಿಲ್ಲ. ಅದಕ್ಕೆ ಇನ್ನೂ ಸ್ವಲ್ಪ ಮೇಲೆ ಹೋಗಬೇಕಾಗುತ್ತದೆ.

ಇಲ್ಲೇ ಬಹಳ ಜನ ಅವಸರ ಮಾಡುತ್ತಾರೆ. ಸ್ಪ್ಯಾನರಿಗೆ ಉದ್ದ ಪೈಪ್ ತೊಡಿಸಿ ಎಳೆದುಬಿಡು ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಲೆಕ್ಕ ಹಾಕಿ ನೋಡಿ. 6 ಎಂಎಂ ಬೋಲ್ಟಿನ ಮಾಮೂಲಿ ಬಿಗಿತ ಸುಮಾರು 10 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). ಒಂದಡಿ ಉದ್ದದ ರಾಡಿನ ತುದಿಗೆ 10 ಕಿಲೋ ಭಾರದಷ್ಟು ಒತ್ತಿದರೂ 30 ನ್ಯೂಟನ್ ಮೀಟರ್ ಆಯಿತು. ಅಂಟು ಬಿಡುವ ಮೊದಲು ಬೋಲ್ಟಿನ ಕುತ್ತಿಗೆಯೇ ತಿರುಚಿಕೊಂಡು ಕಟ್ ಆಗುತ್ತದೆ. ರಾಡ್ ಸ್ಪ್ರಿಂಗಿನಂತೆ ಬಗ್ಗುತ್ತಿದೆ, ತಲೆ ಒಂಚೂರು ತಿರುಗಿ ವಾಪಸ್ ಬರುತ್ತಿದೆ ಅಂದರೆ ಅಲ್ಲೇ ಕೈ ತೆಗೆಯಿರಿ. ಅದು ಲೂಸ್ ಆಗುತ್ತಿರುವ ಲಕ್ಷಣ ಅಲ್ಲ, ಬೋಲ್ಟ್ ಒಳಗೊಳಗೇ ತಿರುಚಿಕೊಳ್ಳುತ್ತಿರುವ ಲಕ್ಷಣ.

ಈಗ ಅಲಾಯ್ ವೀಲಿಗೆ, ಅಂದರೆ ಅಲ್ಯೂಮಿನಿಯಂ ಚಕ್ರಕ್ಕೆ, ಹಾಕಿದ ಬ್ರೇಕ್ ಡಿಸ್ಕನ್ನೇ ತೆಗೆದುಕೊಳ್ಳೋಣ. ನನಗೆ ಜಾಸ್ತಿ ಎದುರಾಗುವ ಕೆಲಸ ಅದೇ, ಕಲಿಯಲು ಒಳ್ಳೆಯದೂ ಅದೇ. ವೀಲನ್ನು ಬೈಕಿನಿಂದ ಕಳಚಿ, ಡಿಸ್ಕ್ ಮೇಲೆ ಬರುವಂತೆ ಅಲುಗದ ಹಾಗೆ ಮಲಗಿಸುತ್ತೇನೆ. ಬೋಲ್ಟಿನ ತಲೆಯೊಳಗಿನ ಗುಳಿಯಲ್ಲಿ ಕೆಸರು, ಬ್ರೇಕ್ ಧೂಳು ತುಂಬಿರುತ್ತದೆ. ಅದನ್ನು ಚೂಪಾದ ಮೊಳೆಯಿಂದ ಕೆರೆದು ತಳ ಕಾಣುವಂತೆ ಮಾಡುತ್ತೇನೆ. ಈ ಕೆಲಸ ನೀರಸ, ಆದರೆ ಬೋಲ್ಟಿನ ತಲೆ ಸವೆಯುವುದು ಬಹುಪಾಲು ಇಲ್ಲೇ, ಅಲೆನ್ ಕೀ ಅರ್ಧ ಮಾತ್ರ ಕೂತಾಗ. ಬಾಗಿದ ಅಲೆನ್ ಕೀ ಬದಲು ಸಾಕೆಟ್ಟಿಗೆ ಹಾಕುವ ಬಿಟ್ ಬಳಸುತ್ತೇನೆ. ಸವೆದ ಬಿಟ್ ಮುಟ್ಟುವುದೇ ಇಲ್ಲ. ಅದನ್ನು ಗುಳಿಗೆ ಇಟ್ಟು ಸುತ್ತಿಗೆಯಲ್ಲಿ ಎರಡು ಏಟು ಕೊಡುತ್ತೇನೆ. ಬಿಟ್ ಪೂರ್ತಿ ಕೂರುತ್ತದೆ, ಜೊತೆಗೆ ಒಳಗಿನ ಅಂಟಿಗೂ ಒಂದು ಅದುರು ಸಿಗುತ್ತದೆ.

ಆಮೇಲೆ ಹೀಟ್ ಗನ್. ಕಿರಿದಾದ ಮೂತಿ ಹಾಕಿ, ಎರಡು ಮೂರು ಸೆಂಟಿಮೀಟರ್ ದೂರದಿಂದ ಬೋಲ್ಟಿನ ತಲೆಗೇ ಗುರಿ ಇಡುತ್ತೇನೆ. ವೀಲಿನ ಬೇರಿಂಗ್ ಸೀಲಿನ ಮೇಲೆ ಒದ್ದೆ ಬಟ್ಟೆ ಹೊದಿಸಿರುತ್ತೇನೆ. ನೈಟ್ರೈಲ್ ರಬ್ಬರಿನ ಸೀಲ್ 100 ಡಿಗ್ರಿ ದಾಟಿ ಹೆಚ್ಚು ದೂರ ಹೋಗಲಾರದು. ಎಬಿಎಸ್ ಸೆನ್ಸರ್ ಇದ್ದರೆ ಅದನ್ನು ಮೊದಲೇ ಬಿಚ್ಚಿಟ್ಟಿರುತ್ತೇನೆ. ಅಲ್ಯೂಮಿನಿಯಂ ಬಿಸಿಯನ್ನು ಉಕ್ಕಿಗಿಂತ ನಾಲ್ಕೈದು ಪಟ್ಟು ಬೇಗ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಒಂದೆರಡು ನಿಮಿಷದಲ್ಲಿ ಮುಗಿಯುವ ಕೆಲಸ ಅಲ್ಲ ಇದು. ತಲೆ ಕಾದಿರುತ್ತದೆ, ಥ್ರೆಡ್ ಇರುವ ಜಾಗ ಇನ್ನೂ ತಣ್ಣಗಿರುತ್ತದೆ. ತಾಳ್ಮೆಯಿಂದ ಗನ್ ಹಿಡಿದುಕೊಂಡೇ ಇರಬೇಕು. ಇದರಲ್ಲಿ ಒಂದು ಲಾಭವೂ ಇದೆ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. ತೂತು ಬೋಲ್ಟಿಗಿಂತ ಹೆಚ್ಚು ಅಗಲವಾಗುವುದರಿಂದ ಹಿಡಿತ ಸಡಿಲವಾಗುತ್ತದೆ.

ಎಷ್ಟು ಬಿಸಿಯಾಯಿತು ಅಂತ ಹೇಗೆ ತಿಳಿಯುವುದು? ನೀರಿನ ಹನಿ ಹಾಕಿ ನೋಡಿದರೆ 100 ಡಿಗ್ರಿ ದಾಟಿದೆ ಅನ್ನುವುದಷ್ಟೇ ಗೊತ್ತಾಗುತ್ತದೆ, ನಮಗೆ ಅದು ಸಾಲದು. ಇನ್‌ಫ್ರಾರೆಡ್ ಥರ್ಮಾಮೀಟರ್ ಒಳ್ಳೆಯದು, ಆದರೆ ಹೊಳೆಯುವ ಲೋಹದ ಮೇಲೆ ಅದು ತೀರಾ ಕಡಿಮೆ ತೋರಿಸುತ್ತದೆ. ಬೋಲ್ಟಿನ ತಲೆಗೆ ಶಾಖ ತಡೆಯುವ ಮಂಕು ಕಪ್ಪು ಬಣ್ಣ ಸ್ವಲ್ಪ ಬಳಿದರೆ ಓದು ನಿಜಕ್ಕೆ ಹತ್ತಿರ ಬರುತ್ತದೆ. ನನಗೆ ಇಷ್ಟವಾದ ಉಪಾಯ ಸೋಲ್ಡರ್ ತಂತಿ. ಸೀಸ ಬೆರೆತ 63-37ರ (63 ಪಾಲು ತವರ, 37 ಪಾಲು ಸೀಸ) ತಂತಿ 183 ಡಿಗ್ರಿಗೆ ಕರಗುತ್ತದೆ. ಸೀಸವಿಲ್ಲದ, ತವರ ತಾಮ್ರದ ತಂತಿ 227ಕ್ಕೆ ಕರಗುತ್ತದೆ. ಗನ್ನಿನ ಗಾಳಿ ತಪ್ಪಿಸಿ ತಂತಿಯ ತುದಿಯನ್ನು ಬೋಲ್ಟಿನ ತಲೆಗೆ ಮುಟ್ಟಿಸಿ ನೋಡುತ್ತೇನೆ. ಎರಡನೆಯದು ಕರಗಿದರೆ ತಲೆ ಹದಕ್ಕೆ ಬಂತು. ಅಲ್ಲಿಂದ ಇನ್ನೊಂದೆರಡು ನಿಮಿಷ ಕಾಯಿಸಿ, ಥ್ರೆಡ್ಡಿಗೂ ಇಳಿಯಲು ಬಿಟ್ಟು, ಆಮೇಲೆ ಕೈ ಹಾಕುತ್ತೇನೆ.

ಇಷ್ಟು ಬಿಸಿಗೆ ಬೋಲ್ಟಿನ ಗಟ್ಟಿತನ ಹೋಗಿಬಿಡುತ್ತಾ ಅಂತ ಕೆಲವರು ಕೇಳುತ್ತಾರೆ. 8.8, 10.9 ದರ್ಜೆಯ ಬೋಲ್ಟುಗಳನ್ನು ಸಾಮಾನ್ಯವಾಗಿ 400 ಡಿಗ್ರಿ ಆಸುಪಾಸಿನಲ್ಲಿ, ಅದಕ್ಕೂ ಮೇಲೆ ಹದ ಮಾಡಿರುತ್ತಾರೆ. 250ಕ್ಕೆ ಅವಕ್ಕೆ ಏನೂ ಆಗುವುದಿಲ್ಲ. ಉಕ್ಕು ನೀಲಿ ಬಣ್ಣಕ್ಕೆ ತಿರುಗಿದರೆ 300ರ ಹತ್ತಿರ ಬಂದಿದ್ದೀರಿ, ಗನ್ ಆರಿಸಿ. ನಿಜವಾಗಿ ಹುಷಾರಾಗಿರಬೇಕಾದ್ದು ಅಲ್ಯೂಮಿನಿಯಂ ಬಗ್ಗೆ. ಅದು ಬಣ್ಣ ಬದಲಿಸಿ ಎಚ್ಚರಿಕೆ ಕೊಡುವುದಿಲ್ಲ. ಹದ ಮಾಡಿದ ಅಲ್ಯೂಮಿನಿಯಂ 200 ಡಿಗ್ರಿಯಲ್ಲಿ ಬಹಳ ಹೊತ್ತು ಇದ್ದರೆ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಬಿಸಿಯನ್ನು ಬೋಲ್ಟಿಗೆ ಮಾತ್ರ ಕೊಡಬೇಕು. ಗ್ಯಾಸ್ ಟಾರ್ಚನ್ನು ಅಲಾಯ್ ವೀಲಿನ ಹತ್ತಿರ ನಾನು ತರುವುದಿಲ್ಲ. ಅದರ ಜ್ವಾಲೆ ಸಾವಿರ ಡಿಗ್ರಿಗೂ ಮೇಲೆ.

ತಿರುಗಿಸುವಾಗ ಜರ್ಕ್ ಕೊಡಬೇಡಿ. ರಾಡಿಗೆ ಒಂದೇ ಸಮನೆ ಬಲ ಹಾಕುತ್ತಾ ಹೋಗಿ. ಮೊದಲು ಬಿಗಿ ಮಾಡುವ ದಿಕ್ಕಿಗೆ ಕೂದಲೆಳೆಯಷ್ಟು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ ಎಳೆಯುವುದು ನನ್ನ ಅಭ್ಯಾಸ. ಬಿಸಿ ಸರಿಯಾಗಿದ್ದರೆ ಬೋಲ್ಟ್ ಮೇಣದೊಳಗೆ ತಿರುಗಿದ ಹಾಗೆ ಮೆತ್ತಗೆ ಬರುತ್ತದೆ. ಟಕ್ ಅಂತ ಗಟ್ಟಿ ಸದ್ದು ಬಂದರೆ ಬಿಸಿ ಸಾಲಲಿಲ್ಲ, ಅಂಟು ಒಡೆದು ಬಂತು ಅಂತ ಅರ್ಥ. ಬಂದರೆ ಸಂತೋಷ, ಆದರೆ ಮುಂದಿನದಕ್ಕೆ ಇನ್ನೂ ಕಾಯಿಸಿ. ಒಮ್ಮೆ ಹೊರಟ ಬೋಲ್ಟನ್ನು ನಡುವೆ ನಿಲ್ಲಿಸಬಾರದು. ತಣ್ಣಗಾದರೆ ಅಂಟು ಮತ್ತೆ ಬಿಗಿಯುತ್ತದೆ. ಎಲ್ಲವನ್ನೂ ಅರ್ಧರ್ಧ ಸಡಿಲಿಸಿ ಆಮೇಲೆ ತೆಗೆಯುವ ಪದ್ಧತಿ ಇಲ್ಲಿ ನಡೆಯದು. ಒಂದನ್ನು ಕಾಯಿಸಿ, ಪೂರ್ತಿ ಹೊರಗೆ ತೆಗೆದು, ಆಮೇಲೆ ಇನ್ನೊಂದಕ್ಕೆ ಹೋಗಬೇಕು. ಮಧ್ಯೆ ಬಿಗಿಯಾದರೆ ಬಲ ಹೆಚ್ಚಿಸಬೇಡಿ, ಬಿಸಿ ಹೆಚ್ಚಿಸಿ. ಒಳಗಿನ ಪುಡಿ ಸಿಕ್ಕಿಕೊಂಡಿದ್ದರೆ ಕಾಲು ಸುತ್ತು ಹಿಂದೆ, ಅರ್ಧ ಸುತ್ತು ಮುಂದೆ ಮಾಡಿದರೆ ಬಿಡುತ್ತದೆ.

ಸಣ್ಣ ಸ್ಕ್ರೂಗಳಿಗೆ, ಅಂದರೆ 3ರಿಂದ 5 ಎಂಎಂ ತನಕ, ಹೀಟ್ ಗನ್ನಿಗಿಂತ ಸೋಲ್ಡರಿಂಗ್ ಐರನ್ ಎಷ್ಟೋ ಮೇಲು. ದಪ್ಪ ತುದಿ ಹಾಕಿ, 350 ರಿಂದ 400 ಡಿಗ್ರಿಗೆ ಇಟ್ಟು, ಸ್ಕ್ರೂವಿನ ಗುಳಿಯೊಳಗೆ ಒತ್ತಿ ಹಿಡಿಯಿರಿ. ಬಿಸಿ ನೇರವಾಗಿ ಸ್ಕ್ರೂ ಒಳಗೇ ಇಳಿಯುತ್ತದೆ. ಪಕ್ಕದ ಪ್ಲಾಸ್ಟಿಕ್, ಬಣ್ಣ, ವೈರು ಯಾವುದಕ್ಕೂ ಏನೂ ಆಗುವುದಿಲ್ಲ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಅಷ್ಟು ಒಳ್ಳೆಯ ಉಪಾಯ. ಸ್ಟೇನ್‌ಲೆಸ್ ಸ್ಕ್ರೂ ಆದರೆ ಇನ್ನಷ್ಟು ಹೊತ್ತು ಹಿಡಿಯಬೇಕು, ಅದರಲ್ಲಿ ಬಿಸಿ ನಿಧಾನಕ್ಕೆ ಹರಿಯುತ್ತದೆ.

ದೊಡ್ಡ ಬೋಲ್ಟಿಗೆ, 10 ಎಂಎಂ ಮೇಲಿನದಕ್ಕೆ, ಬಿಸಿ ಮಾಡಿದ ಮೇಲೆ ಇಂಪ್ಯಾಕ್ಟ್ ರೆಂಚ್ ಹಾಕಬಹುದು. ಸಾಕೆಟ್ ಆರು ಮೂಲೆಯದ್ದೇ ಇರಲಿ. ಸಣ್ಣವಕ್ಕೆ ಅದನ್ನು ಹಿಡಿಯಲೇಬೇಡಿ.

ಬಿಸಿ ಮಾಡಬಾರದ ಜಾಗಗಳೂ ಇವೆ, ಇದರಲ್ಲಿ ರಾಜಿ ಇಲ್ಲ. ಪೆಟ್ರೋಲ್ ಟ್ಯಾಂಕು, ಕಾರ್ಬ್ಯುರೇಟರ್, ಬ್ಯಾಟರಿ, ಬ್ರೇಕ್ ಆಯಿಲ್ ಇರುವ ಭಾಗ, ಏರ್‌ಬ್ಯಾಗ್. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರ್ ಬಿಸಿಯಾದರೆ ಸಿಡಿಯಬಹುದು. ಮೆಗ್ನೀಸಿಯಂ ಕವರಿನ ಹತ್ತಿರ ಜ್ವಾಲೆ ಬೇಡವೇ ಬೇಡ. ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಜ್ವಾಲೆ ಅಥವಾ ವೆಲ್ಡಿಂಗ್ ತಾಗಿದರೆ ಫಾಸ್ಜೀನ್ ಎಂಬ ವಿಷದ ಗ್ಯಾಸ್ ಹುಟ್ಟಬಹುದು. ಕ್ಲೀನರ್ ಬಳಸಿದ್ದರೆ ಪೂರ್ತಿ ಒಣಗಲು ಬಿಡಿ, ಅದಕ್ಕಿಂತ ಕ್ಲೋರಿನ್ ಇಲ್ಲದ್ದನ್ನೇ ತನ್ನಿ. ಅಂಟು ಕಾದಾಗ ಬರುವ ಹೊಗೆಯೂ ಒಳ್ಳೆಯದಲ್ಲ. ಕಿಟಕಿ ತೆರೆದೇ ಕೆಲಸ ಮಾಡಿ.

ತಲೆ ಕಟ್ ಆದ ಬೋಲ್ಟ್ ನನ್ನ ಹತ್ತಿರ ಬಂದರೆ ಗಾಬರಿ ಪಡುವುದಿಲ್ಲ. ತಲೆ ಹೋದ ಕೂಡಲೇ ಬೋಲ್ಟಿನ ಎಳೆತ ಹೋಯಿತು, ಉಳಿದದ್ದು ಅಂಟಿನ ಹಿಡಿತ ಮಾತ್ರ. ತುಂಡು ಮೇಲೆ ಚಾಚಿಕೊಂಡಿದ್ದರೆ ನಟ್ ಇಟ್ಟು ವೆಲ್ಡ್ ಮಾಡಿಸುತ್ತೇನೆ. ವೆಲ್ಡಿಂಗ್ ಬಿಸಿಯೇ ಅಂಟನ್ನು ಸಡಿಲಿಸುತ್ತದೆ, ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಬಂದುಬಿಡುತ್ತದೆ. ಒಳಗೆ ಮುರಿದಿದ್ದರೆ ನಡುವೆ ಪಂಚ್ ಹೊಡೆದು, ಎಡಕ್ಕೆ ತಿರುಗುವ ಡ್ರಿಲ್ ಬಿಟ್ಟಿನಿಂದ ಕೊರೆಯುತ್ತೇನೆ. ಕೊರೆಯುವಾಗಲೇ ಕೆಲವು ಹಿಂದಕ್ಕೆ ಸುತ್ತಿಕೊಂಡು ಬರುತ್ತವೆ. ಮುರಿದ ತುಂಡಿನ ತೂತಿಗೆ ಕಚ್ಚಿಸಿ ಹೊರಗೆ ತಿರುಗಿಸುವ ಎಕ್ಸ್‌ಟ್ರಾಕ್ಟರ್ ಕೊನೆಯ ದಾರಿ. ಅದು ಗಟ್ಟಿ, ಆದರೆ ಒಡಕು ಜಾತಿ. ಒಳಗೆ ಮುರಿದರೆ ಮಾಮೂಲಿ ಡ್ರಿಲ್ಲಿಗೆ ಅದನ್ನು ಕೊರೆಯಲು ಆಗುವುದಿಲ್ಲ. ಹಾಗಾಗಿ ಅದನ್ನು ಹಾಕುವ ಮೊದಲೂ ತುಂಡನ್ನು ಚೆನ್ನಾಗಿ ಕಾಯಿಸುತ್ತೇನೆ. ಸ್ಟಡ್ ಆದರೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು, ಕೆಳಗಿನದನ್ನು ತಿರುಗಿಸಿ ತೆಗೆಯುತ್ತೇನೆ.

ಹೊರಗೆ ಬಂದ ಮೇಲೆ ತೂತಿನ ಥ್ರೆಡ್ಡುಗಳಲ್ಲಿ ಅಂಟಿನ ಪುಡಿ ಉಳಿದಿರುತ್ತದೆ. ಅದನ್ನು ಬಿಟ್ಟರೆ ಹೊಸ ಬೋಲ್ಟ್, ಬಿಗಿತ ಅಳೆಯುವ ಟಾರ್ಕ್ ರೆಂಚಿಗೆ ಸುಳ್ಳು ಹೇಳುತ್ತದೆ. ಬಿಗಿಯಾದಂತೆ ತೋರುತ್ತದೆ, ಡಿಸ್ಕ್ ಸರಿಯಾಗಿ ಒತ್ತಿಕೊಂಡಿರುವುದಿಲ್ಲ. ವೈರ್ ಬ್ರಷ್ ಆಡಿಸಿ, ಅಳತೆಗೆ ಸರಿಯಾದ, ಥ್ರೆಡ್ ಕೊರೆಯುವ ಟ್ಯಾಪನ್ನು ಕೈಯಲ್ಲೇ ಹಗುರವಾಗಿ ಇಳಿಸಿ ತೆಗೆಯುತ್ತೇನೆ. ಆಮೇಲೆ ಅಸಿಟೋನ್ ಹಾಕಿ ತೊಳೆದು ಒಣಗಿಸುತ್ತೇನೆ. ಆ ಹೊತ್ತಿಗೆ ವೀಲ್ ಪೂರ್ತಿ ತಣ್ಣಗಾಗಿರಬೇಕು, ಅಸಿಟೋನಿಗೆ ಬೆಂಕಿ ಬೇಗ ಹತ್ತುತ್ತದೆ. ಹಾಗಂತ ಬೇಗ ತಣಿಸಲು ನೀರು ಹುಯ್ಯಬೇಡಿ. ಅದರಷ್ಟಕ್ಕೆ ಆರಲಿ.

ವಾಪಸ್ ಹಾಕುವಾಗ ಮ್ಯಾನ್ಯುಯಲ್ ಹೊಸ ಬೋಲ್ಟ್ ಹಾಕಿ ಅಂದರೆ ಹೊಸದೇ ಹಾಕುತ್ತೇನೆ. ಗಟ್ಟಿ ಅಂಟನ್ನೇ ಕೇಳಿದ್ದರೆ ಕೆಂಪು, ಇಲ್ಲದಿದ್ದರೆ ನೀಲಿ. ಥ್ರೆಡ್ ಕಚ್ಚಿಕೊಳ್ಳುವ ಭಾಗಕ್ಕೆ ಒಂದು ಹನಿ ಸಾಕು. ತಳ ಮುಚ್ಚಿದ ತೂತಾದರೆ ಹನಿಯನ್ನು ತೂತಿನ ಒಳಗೇ ಬಿಡಬೇಕು. ಬೋಲ್ಟ್ ಇಳಿಯುವಾಗ ಒಳಗಿನ ಗಾಳಿ ಮೇಲೆ ಬಂದು, ಬೋಲ್ಟಿಗೆ ಹಚ್ಚಿದ್ದನ್ನು ಹೊರಗೆ ತಳ್ಳಿಬಿಡುತ್ತದೆ. ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಬ್ರೇಕಿನ ಕೆಲಸ ಆದ್ದರಿಂದ ಅಲ್ಲಿಯವರೆಗೆ ಬೈಕನ್ನು ರಸ್ತೆಗೆ ಬಿಡುವುದಿಲ್ಲ, ಮಾಲೀಕರು ಎಷ್ಟೇ ಅವಸರ ಮಾಡಿದರೂ.